ಅಭಿಪ್ರಾಯದ ಕಾಲಂ

ಮೊನ್ನೆ ಮಧುಗಿರಿ ಪೇಟೆಯಲ್ಲಿ ಗಾಣದಂಗಡಿಯ ಮುಂದೆ ಸ್ಕೂಟಿ ನಿಲ್ಲಿಸಿಕೊಂಡು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಒಳಗೆ ಹೊಂಗೆಬೀಜ ಆಡಿಸುತ್ತಿದ್ದರು. ಆ ಕಹಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ಏನು ಮಾತಾಡುತ್ತಿದ್ದೆ ಎಂಬುದೇ ಮರೆತುಹೋಯಿತು. ತಂಗಿ ಆ ಕಡೆಯಿಂದ 'ಹಲೋ, ಹಲೋ, ಇದೀಯಾ?' ಅನ್ನುತ್ತಲೇ ಇದ್ದಳು. ಬೇರೆಯವರಿಗೆ ಹೊಂಗೆ ಎಣ್ಣೆ ಎಂದರೆ ದೀಪವೋ, ಎತ್ತಿನ ಗಾಯಕ್ಕೆ ಹಚ್ಚುವ ಔಷಧಿಯೋ ನೆನಪಾಗಬಹುದು. ನನಗೆ ನೆನಪಾಗುವುದು ಕೋವಿ. ಒಂದು ಚುನಾವಣೆಯ ಬೇಸಿಗೆಯನ್ನು ಪೂರ್ತಿ ನಾನು ಆ ವಾಸನೆಯಲ್ಲೇ ಕಳೆದಿದ್ದೇನೆ.

ಆಗ ನಾನು ಶಿರಾ ಸೀಮೆಯ ಒಂದು ಠಾಣೆಯಲ್ಲಿ ಕಾನ್‌ಸ್ಟೆಬಲ್. ಯಾವ ಠಾಣೆ ಎಂದು ಹೇಳುವುದಿಲ್ಲ. ತಪ್ಪು ನನ್ನದು, ಠಾಣೆಯದಲ್ಲ. ನನ್ನ ತವರು ಕೊರಟಗೆರೆ ಕಡೆ. ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ಯಾರ ಮಾತನ್ನೂ ಕೊನೆಯ ತನಕ ಕೇಳುವ ತಾಳ್ಮೆ ಇರಲಿಲ್ಲ, ಈಗಲೂ ಅಷ್ಟಕ್ಕಷ್ಟೆ. ಚುನಾವಣೆ ಘೋಷಣೆಯಾದರೆ ನಮಗೆ ಬರುವ ಮೊದಲ ಆದೇಶವೇ ಇದು: ಲೈಸೆನ್ಸ್ ಇರುವವರೆಲ್ಲ ತಮ್ಮ ಬಂದೂಕನ್ನು ತಂದು ಠಾಣೆಗೆ ಒಪ್ಪಿಸಬೇಕು, ಮತ ಎಣಿಕೆ ಮುಗಿದ ಮೇಲೆ ವಾಪಸ್ ಒಯ್ಯಬೇಕು. ನಮ್ಮ ಕಡೆ ಇರುವುದೆಲ್ಲ ಬೆಳೆ ಕಾಯುವ ಕೋವಿಗಳು. ಅಜ್ಜ ಮುತ್ತಜ್ಜನ ಕಾಲದ ಒಂಟಿ ನಳಿಗೆ, ಬಾಯಿಂದ ಮದ್ದು ಸುರಿದು ಸಲಾಕೆಯಿಂದ ಜಡಿದು ಹೊಡೆಯುವಂಥವು. ಹಂದಿಯನ್ನು ಕೊಲ್ಲುವುದಕ್ಕಲ್ಲ, ಕೊಂದರೆ ಅದೊಂದು ಕೇಸು. ಗಾಳಿಗೆ ಒಂದು ಈಡು ಹಾರಿಸಿದರೆ ಸದ್ದಿಗೆ ಬೆದರಿ ಹಿಂಡು ಎರಡು ದಿನ ಕಡ್ಲೆಕಾಯಿ ಹೊಲದ ಕಡೆ ತಲೆ ಹಾಕುವುದಿಲ್ಲ.

ಜನ ಕೋವಿಯನ್ನು ಎಂಥೆಂಥದರಲ್ಲೋ ಸುತ್ತಿ ತರುತ್ತಿದ್ದರು. ಗೊಬ್ಬರದ ಚೀಲ, ಹರಿದ ಕಂಬಳಿ. ಒಬ್ಬ ಮಹರಾಯ ಮಗುವಿನ ತೊಟ್ಟಿಲ ಬಟ್ಟೆಯಲ್ಲೇ ಸುತ್ತಿದ್ದ. ತುಕ್ಕು ಹಿಡಿಯದಿರಲಿ ಎಂದು ಹೊಂಗೆ ಎಣ್ಣೆ ಬಳಿದಿರುತ್ತಿದ್ದರು. ಕೆಲವಕ್ಕೆ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿರುತ್ತಿತ್ತು. ನಾನು ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟಿ, ರಿಜಿಸ್ಟರಿನಲ್ಲಿ ಬರೆದು, ರಸೀದಿ ಹರಿದುಕೊಟ್ಟು, ಠಾಣೆಯ ಸಾಮಾನು ಕೋಣೆಯಲ್ಲಿ ಗೋಡೆಗೆ ಒರಗಿಸಬೇಕು. ಆ ಕೋಣೆಗೆ ಕಿಟಕಿ ಇರಲಿಲ್ಲ. ಮಧ್ಯಾಹ್ನ ಡಬ್ಬಿ ತೆರೆದು ಮುದ್ದೆ ಬಾಯಿಗಿಟ್ಟರೂ ಹೊಂಗೆಯದೇ ರುಚಿ.

ಠಾಣೆಯ ಬರವಣಿಗೆಯೆಲ್ಲ ಹೆಡ್ ಕಾನ್‌ಸ್ಟೆಬಲ್ ರಹಮತ್ ಸಾಹೇಬರದು. ಶಿರಾದವರು, ನಿವೃತ್ತಿಗೆ ಎರಡು ವರ್ಷವಿತ್ತು, ಅವರ ಬಾಯಿಗೆ ಮಾತ್ರ ನಿವೃತ್ತಿ ಅಂತ ಯಾವತ್ತೂ ಇರಲಿಲ್ಲ. ಆ ಬೇಸಿಗೆ ಅಮೆರಿಕದ ಯಾವುದೋ ಶಾಲೆಯಲ್ಲಿ ಯಾವನೋ ಗುಂಡು ಹಾರಿಸಿದ ಸುದ್ದಿ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಸಾಹೇಬರು ಅದರ ಹಿಂದೆ ಬಿದ್ದು ದಿನವಿಡೀ ಅಮೆರಿಕದ ಬಂದೂಕಿನ ವಿಡಿಯೋ ನೋಡುತ್ತ ಕೂರುತ್ತಿದ್ದರು.

"ಅರೆ, ನೋಡಿಲ್ಲಿ ಶಾರದಾ," ಎಂದು ಫೋನು ನನ್ನ ಮುಖಕ್ಕೇ ಹಿಡಿಯುತ್ತಿದ್ದರು. "ಅಲ್ಲಿ ಹೆಂಗಸ್ರು ವ್ಯಾನಿಟಿ ಬ್ಯಾಗಲ್ಲಿ ಪಿಸ್ತೂಲ್ ಮಡಿಕ್ಕೊಂಡ್ ತಿರುಗ್ತಾರೆ. ಮೈ ಮುಟ್ಟೋಕೆ ಯಾವನ್ಗಾದ್ರೂ ಹಿಮ್ಮತ್ ಬರ್ತದಾ? ಹೆಣ್ಮಕ್ಳ ಸಮಾನತೆ ಅಂದ್ರೆ ಇದು ಕಣಮ್ಮ."

"ಅವಳ ಬ್ಯಾಗಲ್ಲಿ ಇದ್ರೆ, ಎದುರಿಗೆ ಬರೋನ ಜೇಬಲ್ಲೂ ಇರುತ್ತಲ್ಲ ಸಾಹೇಬ್ರೆ. ಸಮಾನತೆ ಎಲ್ಲಿಂದ ಬಂತು?"

"ನೀನು ಎಲ್ಲಾದ್ರಲ್ಲೂ ಕೊಕ್ಕೆ ಹುಡುಕ್ತೀಯ ನೋಡು."

"ಕೊಕ್ಕೆ ಅಲ್ಲ. ಆ ಶಾಲೆ ಮಕ್ಕಳ ಬ್ಯಾಗಲ್ಲೂ ಒಂದೊಂದು ಇಟ್ಟು ಕಳಿಸ್ಬೇಕಿತ್ತೇನು?"

ಮಾರನೇ ದಿನ ಅವರು ಇನ್ನೊಂದು ವಿಡಿಯೋ ತರುತ್ತಿದ್ದರು. ಒಂದು ದಿನ ಎರಡು ಒಟ್ಟಿಗೆ ತೋರಿಸಿದರು. ಒಂದರಲ್ಲಿ ನನ್ನ ವಯಸ್ಸಿನ ಹೆಂಗಸು, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು, ನನ್ನನ್ನು ಕಾಯಲು ಯಾವ ಗಂಡಸೂ ಬೇಡ, ಇದು ನನ್ನ ಹಕ್ಕು ಅನ್ನುತ್ತಿದ್ದಳು. ಇನ್ನೊಂದರಲ್ಲಿ ಅಷ್ಟೇ ವಯಸ್ಸಿನವಳು ಮಗಳ ಫೋಟೋ ಎದೆಗೊತ್ತಿಕೊಂಡು, ಈ ದೇಶದ ಬಂದೂಕನ್ನೆಲ್ಲ ಕಿತ್ತುಕೊಳ್ಳಿ ಎಂದು ಅಳುತ್ತಿದ್ದಳು. ಕೆಳಗೆ ಕನ್ನಡದಲ್ಲಿ ಅಕ್ಷರ ಬರುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂದರು ಸಾಹೇಬರು. ನನಗೆ ಹಾಗನ್ನಿಸಲಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ ಅನ್ನಿಸಿತು, ಅದಕ್ಕೇ ಕಿರಿಕಿರಿಯಾಗಿ ಫೋನು ವಾಪಸ್ ಕೊಟ್ಟೆ.

ಸ್ತ್ರೀವಾದ ಎಂಬ ಮಾತನ್ನು ನಾನು ಕೇಳಿದ್ದು ತರಬೇತಿ ಶಾಲೆಯಲ್ಲಿ. ಆ ವಿಷಯಕ್ಕೆ ಒಂದು ಗಂಟೆಯ ಪಾಠವಿತ್ತು. ರೈಫಲ್ ಬಿಚ್ಚಿ ಜೋಡಿಸುವುದಕ್ಕೆ ಒಂದು ವಾರ. ನನಗೆ ರೈಫಲ್ ಇಷ್ಟವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಸಲ ಗುರಿಗೆ ಹೊಡೆದ ದಿನ ಭುಜ ಊದಿಕೊಂಡಿತ್ತು, ಊಟ ಮಾತ್ರ ಎರಡು ಪಟ್ಟು ಮಾಡಿದ್ದೆ. ಆಮೇಲೆ ಮತಗಟ್ಟೆಯ ಬಾಗಿಲಲ್ಲಿ ಅದನ್ನು ಹೆಗಲಿಗೇರಿಸಿ ನಿಂತಾಗಲೆಲ್ಲ ಸಾಲಿನಲ್ಲಿರುವ ಹೆಂಗಸರು ನನ್ನನ್ನು ನೋಡಿ ತಮ್ಮತಮ್ಮಲ್ಲೇ ನಗುವುದು ಕಂಡಿದ್ದೇನೆ. ಅಭಿಮಾನದ ನಗು ಅದು. ಅದೂ ನನಗೆ ಇಷ್ಟವೇ.

ಕೋವಿ ಒಪ್ಪಿಸಲು ಕೊಟ್ಟಿದ್ದ ಗಡುವಿನ ಕೊನೆಯ ದಿನ ಸಣ್ಣೀರಮ್ಮ ಬಂದಳು. ಗೌಡಗೆರೆ ಕಡೆಯ ಹಳ್ಳಿಯವಳು, ಅರವತ್ತು ದಾಟಿರಬೇಕು, ತೆಳ್ಳನೆ ಮೈ, ನೆಟ್ಟಗೆ ಬೆನ್ನು. ಬೆಳಗಿನ ಬಸ್ಸಿನಲ್ಲಿ ಕೋವಿಯನ್ನು ಒಂದು ಬಿಳಿ ಪಂಚೆಯಲ್ಲಿ ಸುತ್ತಿ ತಂದಿದ್ದಳು. ಎರಡು ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟು, ಲೈಸೆನ್ಸ್ ಪುಸ್ತಕ ಪಕ್ಕಕ್ಕಿಟ್ಟು, "ರಸೀತಿ ಸರಿಯಾಗ್ ಬರ್ದ್ಕೊಡಮ್ಮ. ಕೊಟ್ಟೋನು ಕೋಡಂಗಿ, ಇಸ್ಕಂಡೋನು ಈರಭದ್ರ ಆಗ್ಬಾರ್ದು," ಅಂದಳು.

ಪುಸ್ತಕದಲ್ಲಿ ಓಬಳಪ್ಪ ಎಂದಿತ್ತು.

"ಇವರು ಎಲ್ಲಮ್ಮ? ಅವರೇ ಬಂದು ಸಹಿ ಹಾಕ್ಬೇಕು."

"ಎಲ್ಲಿಂದ ಬರ್ತಾರೆ ತಾಯಿ? ತೀರ್ಕಂಡು ಮೂರ್ ವರ್ಷ ಆತು."

ಹಿಂದಿನಿಂದ ರಹಮತ್ ಸಾಹೇಬರು, "ಅರೆ, ಓಬಳಪ್ಪನ ಕೋವಿ ಅದು. ಬರ್ಕೊ, ಬರ್ಕೊ," ಅಂದರು. ನಡುವೆ ಪಂಚಾಯ್ತಿ ಚುನಾವಣೆ ಬಂದಾಗಲೂ ಅವಳೇ ತಂದಿದ್ದಳು, ಓಬಳಪ್ಪ ಎಂದೇ ಬರೆದಿದ್ದರು, ಅವಳೇ ಸಹಿ ಹಾಕಿ ಅವಳೇ ವಾಪಸ್ ಒಯ್ದಿದ್ದಳು. ಮನುಷ್ಯ ಸತ್ತರೂ ಕೋವಿ ಅವನದೇ. ಊರಿಗೆಲ್ಲ ಗೊತ್ತಿದ್ದದ್ದರಿಂದ ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಸತ್ತವರ ಹೆಸರಿನಲ್ಲಿ ರಸೀದಿ ಕೊಡಲಾಗದು, ಒಂದೋ ಇದನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಇಲ್ಲವೇ ವಾರಸುದಾರರು ಹೊಸ ಅರ್ಜಿ ಹಾಕಬೇಕು ಅಂದೆ. ಅವಳು ಒಂದು ಗಳಿಗೆ ಕೂಡ ಯೋಚಿಸಲಿಲ್ಲ.

"ಅಂಗಾರೆ ನನ್ ಹೆಸ್ರಿಗೇ ಮಾಡ್ಕೊಡು."

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ನಮ್ಮ ಠಾಣೆಯ ರಿಜಿಸ್ಟರಿನಲ್ಲಿ ಮೂವತ್ತು ಚಿಲ್ಲರೆ ಹೆಸರಿದ್ದವು, ಒಂದೂ ಹೆಂಗಸಿನದಲ್ಲ. ಕೋವಿಯನ್ನು ಠಾಣೆಯಲ್ಲೇ ಇರಿಸಿಕೊಂಡು, ನಾನೇ ಕೂತು ಅರ್ಜಿ ತುಂಬಿಸಿದೆ. ಮಗ ತಿಪ್ಪೇಶನ ಒಪ್ಪಿಗೆ ಸಹಿ ಬೇಕೆಂದಾಗ ಎರಡೇ ದಿನದಲ್ಲಿ ಅದನ್ನೂ ತಂದುಕೊಟ್ಟಳು. "ಶಿರಾ ಸೀಮೆ ಅಮೆರಿಕ ಆಯ್ತು," ಎಂದು ಸಾಹೇಬರು ನಕ್ಕರು.

ಅರ್ಜಿಯ ಮೇಲೆ ಠಾಣೆಯಿಂದ ಸ್ಥಳ ತನಿಖೆಯ ವರದಿ ಹೋಗಬೇಕು. ನಮ್ಮ ಎಸ್‌ಐ ಚಿಕ್ಕ ವಯಸ್ಸಿನವರು, ಎಂಜಿನಿಯರಿಂಗ್ ಓದಿ ಬಂದವರು. "ಲೇಡಿ ಅರ್ಜಿದಾರರು. ನೀವೇ ಹೋಗಿ ಬನ್ನಿ ಶಾರದಾ. ಒಳ್ಳೇ ಎಂಪವರ್‌ಮೆಂಟ್ ಕೇಸು," ಎಂದರು. ವರದಿಯ ನಮೂನೆ ನನ್ನ ಕೈಗೆ ಬಂತು. ಅರ್ಜಿದಾರರ ವಯಸ್ಸು, ಜಮೀನು, ನಡತೆ, ಕೊನೆಯಲ್ಲಿ ನಾಲ್ಕು ಗೆರೆಯಷ್ಟು ಜಾಗ: ತನಿಖಾಧಿಕಾರಿಯ ಅಭಿಪ್ರಾಯ.

ಏಪ್ರಿಲ್ ತಿಂಗಳ ಬಿಸಿಲು. ಸ್ಕೂಟಿಯ ಹ್ಯಾಂಡಲ್ ಕೈ ಸುಡುತ್ತಿತ್ತು. ದಾರಿಯುದ್ದಕ್ಕೂ ಟಾರಿನ ಮೇಲೆ ಹುಣಸೆಹಣ್ಣು ಹರಡಿ ಬಡಿಯುತ್ತಿದ್ದರು. ಸಣ್ಣೀರಮ್ಮ ಹೊಲದಲ್ಲೇ ಇದ್ದಳು. ಕೊಳವೆಬಾವಿಯ ಬೆರಳು ಗಾತ್ರದ ನೀರಿನಲ್ಲಿ ಒಂದೆಕರೆ ಬೇಸಿಗೆ ಕಡ್ಲೆಕಾಯಿ ಬೆಳೆದಿದ್ದಳು. ಕೋವಿ ಮನೆಯಿಂದ ಹೋಗಿ ಇಪ್ಪತ್ತು ದಿನವಾಗಿತ್ತು, ಹಂದಿಗಳಿಗೆ ಆ ಸುದ್ದಿ ತಲುಪಿದಂತಿತ್ತು. ಬದುವಿನ ಪಕ್ಕ ನಾಲ್ಕಾರು ಕಡೆ ನೆಲ ಉತ್ತ ಹಾಗೆ ಅಗೆದಿದ್ದವು, ಬಾಡಿದ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು.

"ಡಬ್ಬ ಬಡ್ದೂ ಬಡ್ದೂ ಕೈ ನೋವ್ ಬಂದ್ಬುಟ್ಟೈತೆ," ಅಂದಳು. "ಡಬ್ಬುಕ್ಕೆ ಈಗ ಅವು ಕಿವೀನೂ ಅಲ್ಲಾಡ್ಸಲ್ಲ. ಎಲೆಕ್ಷನ್ ಹಂದಿಗೆ ಐತೋ ನಮಗೈತೋ ಗೊತ್ತಾಯ್ತಿಲ್ಲ."

ಮನೆಗೆ ಕರೆದೊಯ್ದು ಕೋವಿ ತೂಗುಹಾಕುವ ಮೊಳೆ ತೋರಿಸಿದಳು, ತನ್ನ ಮಂಚದ ತಲೆದೆಸೆಗೆ. ಮಗ ಮನೆಯಲ್ಲಿರಲಿಲ್ಲ, ಪ್ರಚಾರದವರ ಹಿಂದೆ ಬೈಕಿನಲ್ಲಿ ಹೋಗಿದ್ದ. ಚುನಾವಣೆ ಮುಗಿಯುವ ತನಕ ಬಿಟ್ಟಿ ಬಿರಿಯಾನಿ, ಬಿಟ್ಟಿ ಎಣ್ಣೆ, ಟ್ರ್ಯಾಕ್ಟರ್ ಓಡಿಸುವ ಕೆಲಸ ಮೂಲೆಗೆ. ಸೊಸೆ ಮಂಜುಳ ಅಡುಗೆಮನೆಯ ಬಾಗಿಲ ಹತ್ತಿರ ನಿಂತಿದ್ದಳು. ನೀರು ತಂದುಕೊಟ್ಟವಳು ಒಂದು ಮಾತೂ ಆಡಲಿಲ್ಲ. ಅತ್ತೆಯ ಎದುರು ಸೊಸೆ ಬಾಯಿ ತೆರೆಯಬಾರದೆಂಬ ಕಟ್ಟುಪಾಡಿನ ಮನೆಯೆಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಅತ್ತೆ ಸೊಸೆಯರ ಜಗಳದ ಕೇಸು ನೋಡಿ ನೋಡಿ ನನಗೆ ಅತ್ತೆಯರ ಬಗ್ಗೆ ಒಂದು ಅಭಿಪ್ರಾಯ ಮೊದಲೇ ಗಟ್ಟಿಯಾಗಿತ್ತು.

ಹೊರಟು ಊರ ಹೊರಗಿನ ಬೇವಿನಮರ ದಾಟುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದ ಹಾಗಾಯಿತು. ಮಂಜುಳ ಓಡಿಬರುತ್ತಿದ್ದಳು, ಕೈಯಲ್ಲಿ ಒಂದು ಕವರ್ ಹಸಿ ಕಡ್ಲೆಕಾಯಿ. ಅದನ್ನು ನನ್ನ ಸ್ಕೂಟಿಯ ಮುಂದಿಟ್ಟು ಏದುಸಿರು ಬಿಟ್ಟಳು.

"ಮೇಡಂ, ಕಾಯಿ ಕೊಟ್ಬತ್ತೀನಿ ಅಂತೇಳಿ ಬಂದಿವ್ನಿ. ಒಂದ್ ಮಾತು. ಆ ಕೋವಿ ಅಲ್ಲೇ ಇರ್ಲಿ ಮೇಡಂ. ಮನೀಗ್ ಬರಾದ್ ಬ್ಯಾಡ."

"ಯಾಕಮ್ಮ? ನಿಮ್ಮ ಅತ್ತೆ ಹಂದಿ ಕಾಟ ಅಂತಾರಲ್ಲ?"

"ಹಂದಿ ತಿಂದ್ರೆ ಕಾಯಿ ತಿಂತೈತೆ." ಸುತ್ತ ನೋಡಿದಳು. "ನಮ್ಮೆಜಮಾನ್ರು ಕುಡ್ದಾಗ ಮನುಸ್ರಲ್ಲ. ಹೊಡ್ಯಾದು ಇದ್ದಿದ್ದೇ ಬುಡಿ. ಹೋದ್ ದೀಪಾವಳೀಲಿ ಅದನ್ನ ಮೊಳೆಯಿಂದ ಇಳಿಸ್ಕಂಡು ನನ್ ಎದೆಗಿಟ್ರು. ಬೆರಳಾಕಿ ಕುದುರೇನೂ ಎಳುದ್ರು. ಟಕ್ ಅಂತು. ಮದ್ದಿರ್ಲಿಲ್ಲ ಅಂತ ಆಮ್ಯಾಕೆ ನಗಾಡುದ್ರು. ಅತ್ತೆ ಆವಾಗ ಹೊಲ್ದಾಗಿದ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಹೇಳಿದಳು. "ಅದು ಠಾಣೆಗೋಗಿ ಇಪ್ಪತ್ ದಿನ ಆತಲ್ಲ, ಇಪ್ಪತ್ ದಿನಾನೂ ನಾನು ನಿದ್ದೆ ಮಾಡಿವ್ನಿ."

ದೂರು ಕೊಡು ಅಂದೆ. ತಲೆ ಅಲ್ಲಾಡಿಸಿದಳು. "ನನ್ ಹೆಸ್ರು ಎಲ್ಲೂ ಬರ್ಬಾರ್ದು ಮೇಡಂ. ಬಂದ್ರೆ ನಾನಲ್ಲಿ ಬಾಳಕ್ಕಾಗಲ್ಲ. ತವ್ರಲ್ಲಿ ಯಾರೂ ಇಲ್ಲ. ಅತ್ತೇಗೂ ಹೇಳ್ಬ್ಯಾಡಿ, ನಿಮ್ ಕಾಲಿಗ್ ಬೀಳ್ತೀನಿ." ನಿಜಕ್ಕೂ ಬಗ್ಗಿದಳು, ನಾನು ಹಿಡಿದೆತ್ತಿದೆ. ತೋಳಿನಲ್ಲಿ ಹಿಡಿದ ಜಾಗ ನೋವಾಗಿ ಅವಳು ಮುಖ ಕಿವುಚಿದ್ದು ಇನ್ನೂ ಕಣ್ಣ ಮುಂದಿದೆ.

ಆ ವರದಿಯನ್ನು ಮೂರು ದಿನ ಇಟ್ಟುಕೊಂಡೆ. ಅಭಿಪ್ರಾಯ ಬರೆಯುವುದು ನನಗೆ ಹೊಸದಲ್ಲ, ಪಾಸ್‌ಪೋರ್ಟಿಗೆ, ಮೆರವಣಿಗೆಗೆ, ಪಟಾಕಿ ಅಂಗಡಿಗೆ ಎಷ್ಟೋ ಬರೆದಿದ್ದೆ. ಇದು ಮಾತ್ರ ಕೈಗೆ ಹತ್ತಲಿಲ್ಲ. ಸಣ್ಣೀರಮ್ಮನ ಹೆಸರಿಗೆ ಆಗಲಿ ಎಂದು ಬರೆದರೆ ಕೋವಿ ಮತ್ತೆ ಅದೇ ಮೊಳೆಗೆ ಹೋಗುತ್ತದೆ. ಮನೆಯಲ್ಲಿ ಕುಡುಕ ಮಗನಿದ್ದಾನೆ, ಹೆಂಡತಿಗೆ ಗುರಿ ಇಟ್ಟಿದ್ದಾನೆ ಎಂದು ಬರೆದರೆ, ಯಾರು ಹೇಳಿದರು ಎಂಬ ಪ್ರಶ್ನೆ ಬರುತ್ತದೆ. ರಹಮತ್ ಸಾಹೇಬರ ಫೋನಿನ ಆ ಇಬ್ಬರು ಅಮೆರಿಕದ ಹೆಂಗಸರು ಒಂದೇ ಮನೆಯಲ್ಲಿ ಅತ್ತೆ ಸೊಸೆಯಾಗಿ ಬಂದು ಕೂತ ಹಾಗಿತ್ತು ನನ್ನ ಪಾಡು. ಅಲ್ಲಿ ಕೋರ್ಟಿದೆ, ಪಾರ್ಲಿಮೆಂಟಿದೆ, ಅವರು ನೂರು ವರ್ಷ ವಾದ ಮಾಡಬಹುದು. ಇಲ್ಲಿ ನನಗಿದ್ದದ್ದು ನಾಲ್ಕು ಗೆರೆ, ಅದೂ ಶುಕ್ರವಾರದೊಳಗೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನಗೆ ಹೊಳೆದ ಉಪಾಯ ಬರೆದೆ: 'ಅರ್ಜಿದಾರರು ಮಹಿಳೆಯಾಗಿದ್ದು, ವಯೋವೃದ್ಧರಾಗಿದ್ದು, ದೃಷ್ಟಿ ಮಂದವಾಗಿರುವುದರಿಂದ ಆಯುಧವನ್ನು ನಿರ್ವಹಿಸಲು ಅಶಕ್ತರಾಗಿರುತ್ತಾರೆ. ಶಿಫಾರಸು ಮಾಡಲಾಗುವುದಿಲ್ಲ.' ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಯಾರೂ ತಿರುಗಿ ಕೇಳದ ಕಾರಣ ಬೇಕಿತ್ತು, ಹೆಂಗಸು ಎಂಬ ಕಾರಣವನ್ನು ಯಾರೂ ತಿರುಗಿ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ರಹಮತ್ ಸಾಹೇಬರು ಓದಿ ಕನ್ನಡಕ ತೆಗೆದರು. "ಮಹಿಳೆಯಾಗಿದ್ದು? ನೀನು ಬರ್ದಿದ್ದಾ ಇದು?"

"ನಾನೇ."

"ಹೆಣ್ಣಾಗಿ ನೀನೇ ಹಿಂಗೆ ಬರೆದ್ರೆ ಹೆಂಗೆ ಕಣಮ್ಮ?"

"ನಿಮ್ಮ ಅಮೆರಿಕಾನ ನಿಮ್ಮ ಜೇಬಲ್ಲಿ ಇಟ್ಕೊಳ್ಳಿ ಸಾಹೇಬ್ರೆ. ಸೀಲು ಎಲ್ಲಿ?" ಎಂದು ರೇಗಿದೆ. ಅವರು ಸೀಲು ಕೊಟ್ಟರು. ಎಸ್‌ಐ ಓದದೆಯೇ ಸಹಿ ಹಾಕಿದರು.

ಆಮೇಲೆ ಚುನಾವಣೆಯ ಗಲಾಟೆ. ಚೆಕ್‌ಪೋಸ್ಟಿನಲ್ಲಿ ವಾಹನ ನಿಲ್ಲಿಸಿ ಡಿಕ್ಕಿ ತೆಗೆಸುವುದು, ಮತಯಂತ್ರ ಕಾಯುವುದು, ಪಾವಗಡದ ಗಡಿಗೆ ಬಂದೋಬಸ್ತು ಹೋಗಿ ವಳ್ಳೂರಿನ ಸೋಲಾರ್ ಹಲಗೆಗಳ ನಡುವೆ ನೆರಳು ಸಿಗದೆ ಒದ್ದಾಡಿದ್ದು. ಎಣಿಕೆ ಮುಗಿದ ವಾರಕ್ಕೆ ಕೋವಿಯವರೆಲ್ಲ ರಸೀದಿ ಹಿಡಿದು ಬಂದರು. ನಾನು ಒಂದೊಂದೇ ಎತ್ತಿಕೊಟ್ಟೆ. ಕೋಣೆ ಖಾಲಿಯಾಯಿತು, ಬಿಳಿ ಪಂಚೆಯದು ಒಂದು ಉಳಿಯಿತು. ಸಣ್ಣೀರಮ್ಮನ ಅರ್ಜಿ ತಿರಸ್ಕೃತವಾಗಿದೆ ಎಂಬ ಕಾಗದ, ನಾನು ಬರೆದ ಕಾರಣಗಳ ಸಮೇತ, ಜಿಲ್ಲಾ ಕಚೇರಿಯಿಂದ ಅವಳಿಗೆ ಹೋಯಿತು. ಕೆಲಸ ಸರಿಯಾಗಿ ಮಾಡಿದೆ ಎಂಬ ಸಮಾಧಾನದಲ್ಲಿ ನಾನು ನಾಲ್ಕು ದಿನ ಚೆನ್ನಾಗಿಯೇ ಇದ್ದೆ.

ಐದನೇ ದಿನ ಎಸ್‌ಐ ಇನ್ನೊಂದು ಫೈಲು ಮೇಜಿನ ಮೇಲೆ ಹಾಕಿದರು. ಅರ್ಜಿದಾರ ತಿಪ್ಪೇಶ. 'ನನ್ನ ತಾಯಿಯವರು ವಯೋವೃದ್ಧರಾಗಿದ್ದು, ದೃಷ್ಟಿ ಮಂದವಾಗಿರುವ ಬಗ್ಗೆ ತಮ್ಮ ಠಾಣೆಯ ವರದಿಯೇ ಇರುತ್ತದೆ. ಆದ್ದರಿಂದ ಏಕೈಕ ಪುತ್ರನಾದ ನನ್ನ ಹೆಸರಿಗೆ ಲೈಸೆನ್ಸ್ ಮಾಡಿಕೊಡಬೇಕಾಗಿ ಪ್ರಾರ್ಥನೆ.' ನನ್ನದೇ ವಾಕ್ಯ, ನನ್ನದೇ ಪದ. ತಾಯಿಯ ಕಾಗದವನ್ನು ಯಾರೋ ಓದಿ ಹೇಳಿ, ಅರ್ಜಿ ಬರೆದುಕೊಟ್ಟಿದ್ದರು.

"ಯಂಗ್ ಫೆಲೋ, ಅವನ ಮೇಲೆ ಯಾವ ಕೇಸೂ ಇಲ್ಲ," ಎಂದರು ಎಸ್‌ಐ. "ತಾಯಿ ಒಪ್ಪಿಗೆ ಸಹಿ ಒಂದು ಬಾಕಿ. ಅದು ಬಂದ ತಕ್ಷಣ ಕಳಿಸಿಬಿಡಿ."

ಗಂಡಸು, ಗಟ್ಟಿಮುಟ್ಟು, ಕಣ್ಣು ಚುರುಕು. ನಾನು ಬರೆದ ಕಾರಣಗಳೆಲ್ಲ ಅವನ ಪರವಾಗಿಯೇ ನಿಂತಿದ್ದವು. ಕೋವಿಯನ್ನು ಆ ಮನೆಯಿಂದ ದೂರವಿಡಲು ಹೋಗಿ ನೇರವಾಗಿ ಅವನ ಕೈಗೇ ದಾರಿ ಮಾಡಿಕೊಟ್ಟಿದ್ದೆ. ಆ ದಿನ ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಾರನೇ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಠಾಣೆಗೆ ಬಂದರು. ಹಿಂದಿನ ದಿನ ಮೊದಲ ಮಳೆ ಬಿದ್ದಿತ್ತು, ಇಬ್ಬರ ಕಾಲಿಗೂ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಸಣ್ಣೀರಮ್ಮ ಬೆಂಚಿನ ಮೇಲೆ ಕೂತಳು. ಮಂಜುಳ ಗೋಡೆಗೆ ಒರಗಿ ನಿಂತಳು, ಅತ್ತೆಯ ಸರಿಸಮಕ್ಕೆ ಕೂರುವ ರೂಢಿ ಆ ಮನೆತನದಲ್ಲಿಲ್ಲ.

"ನನ್ ಕಣ್ ಮಂದ ಅಂತ ಬರ್ದೋಳು ನೀನೇ ಏನಮ್ಮ?"

"ಹೂಂ ಅಮ್ಮ. ನಾನೇ."

"ಇವ್ಳು ಹೇಳಿದ್ಲು, ಅದುಕ್ ಬರ್ದೆ. ಅಲ್ವಾ?"

ಮಂಜುಳ ಬೆಚ್ಚಿ ತಲೆ ಎತ್ತಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸಣ್ಣೀರಮ್ಮ ಕೈ ಅಡ್ಡ ಹಿಡಿದಳು. "ನಂಗ್ ಗೊತ್ತಿಲ್ಲ ಅಂದ್ಕಂಡಿದ್ರಾ ಇಬ್ರೂ? ನಾನು ಆ ಕೋವಿ ಹಿಡಿ ಯಾವತ್ತೂ ಎಡಕ್ಕೆ ಬರಂಗೆ ತೂಗಾಕೋಳು. ಆ ದೀಪಾವಳಿ ಸಂಜೆ ಹೊಲದಿಂದ ಬತ್ತೀನಿ, ಬಲಕ್ಕೈತೆ. ಇವ್ಳ್ ಮುಖ ನೋಡ್ದೆ. ತಿಳ್ಕಂಡೆ." ಸೊಂಟದ ಎಲೆಯಡಿಕೆ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಬಿಚ್ಚಿದಾಗ ಎಲೆಯಡಿಕೆಯ ಪಕ್ಕ ಒಂದು ಪುಟ್ಟ ಡಬ್ಬಿ, ಅದರೊಳಗೆ ಕೋವಿಗೆ ಸಿಕ್ಕಿಸುವ ಕೇಪುಗಳು, ಪಕ್ಕದಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಪ್ಪು ಮದ್ದು. "ಅವ್ರಪ್ಪ ತೀರ್ಕಂಡ್ ದಿನದಿಂದ ಇದು ನನ್ ಸೊಂಟ ಬಿಟ್ಟಿಲ್ಲ. ಮಲಗಿದ್ರೂ ಅಷ್ಟೆ, ಮಿಂದ್ರೂ ಅಷ್ಟೆ. ಕೋವಿ ಗ್ವಾಡೇ ಮ್ಯಾಲಿರ್ಲಿ, ಮದ್ದಿಲ್ದಿದ್ರೆ ಅದು ಕಬ್ಬಿಣದ್ ದೊಣ್ಣೆ."

ರಹಮತ್ ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು.

"ಮತ್ತೆ ನಿಮ್ಮ ಹೆಸರಿಗೆ ಯಾಕೆ ಕೇಳಿದ್ರಿ ಅಮ್ಮ?" ಎಂದೆ.

"ನನ್ ಹೆಸ್ರಿಗಿದ್ರೆ ನಾನ್ ಸಾಯೋಗಂಟ ಅವ್ನ್ ಕೈಗೋಗಲ್ಲ ಅಂತ. ಅವ್ನು ಅಮಲ್ನಾಗ್ ಖುಷೀಲಿದ್ದಾಗ ಸಹಿ ಹಾಕುಸ್ಕಂಡೆ. ನೀನು ಅರ್ಜಿ ತುಂಬ್ಸಿದ್ದು ನೋಡಿ, ಹೆಣ್ಮಗಳು, ತಿಳಿದೋಳು ಅಂದ್ಕಂಡಿದ್ದೆ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಇವ್ಳ್ ಮಾತ್ ಕೇಳಿದ್ದು ಸರಿ. ಆಮ್ಯಾಕೆ ನನ್ನೂ ಒಂದ್ ಮಾತ್ ಕೇಳ್ಬೌದಿತ್ತಲ್ಲ ತಾಯಿ."

ಕೇಳಬಹುದಿತ್ತು. ಅವಳ ಹೊಲದಲ್ಲಿ ನಿಂತಿದ್ದೆ, ಅವಳ ಮನೆಯ ನೀರು ಕುಡಿದಿದ್ದೆ, ಎರಡನೇ ಸಲ ಹೋಗುವುದಕ್ಕೆ ಮೂರು ದಿನ ಸಮಯವೂ ಇತ್ತು. ಅತ್ತೆ ಎಂದರೆ ಮಗನ ಕಡೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿ, "ತಪ್ಪಾಯ್ತಮ್ಮ," ಎಂದೆ. ಸಮವಸ್ತ್ರದಲ್ಲಿದ್ದಾಗ ನಾನು ಆ ಮಾತು ಆಡಿದ್ದು ಅದೇ ಮೊದಲು.

"ಹೋಗ್ಲಿ ಬುಡು. ಈಗ ಬರ್ಕೊ. ಆ ಕೋವಿ ನಂಗೂ ಬ್ಯಾಡ, ಅವ್ನಿಗೂ ಬ್ಯಾಡ. ಸರ್ಕಾರುಕ್ಕೇ ಇರ್ಲಿ. ಹಂದಿ ತಿಂದು ಉಳ್ದಿದ್ದು ನಾವ್ ತಿಂತೀವಿ."

ಮಗನ ಅರ್ಜಿಗೆ ತಕರಾರು ಹಾಕಬೇಕಾದರೆ ಕಾರಣ ಬರೆಯಬೇಕು ಎಂದು ರಹಮತ್ ಸಾಹೇಬರು ಮೆಲ್ಲಗೆ ಹೇಳಿದರು, ಬರೀ ಬೇಡ ಅಂದರೆ ಮೇಲಿನವರು ಒಪ್ಪುವುದಿಲ್ಲ. ಸಣ್ಣೀರಮ್ಮ ಅದಕ್ಕೂ ಸಿದ್ಧವಾಗಿಯೇ ಬಂದಿದ್ದಳು.

"ಕುಡ್ದು ಬಂದು ನನ್ನ ಹೊಡೀತಾನೆ, ಕೋವಿ ಇಟ್ಟು ಹೆದರಿಸ್ತಾನೆ ಅಂತ ಬರ್ಕೊ."

"ನಿಮ್ಮನ್ನ ಹೊಡೆದಿದಾನಾ ಅಮ್ಮ?"

"ಬರ್ಕೊ ಅಂದ್ನಲ್ಲ. ಸೊಸೆ ಹೆಸ್ರು ಬಂದ್ರೆ ಅವ್ಳು ಆ ಮನೇಲಿ ಬಾಳಂಗಿಲ್ಲ. ನನ್ ಹೆಸ್ರು ಬಂದ್ರೆ ಏನ್ ಮಾಡ್ಕಂಡಾನು? ಹೆತ್ತೋಳು ನಾನು."

ಆ ಕೋವಿ ಮುಂದೇನಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಅದು ಯಾರ ಮನೆಗೂ ಹೋಗಲಿಲ್ಲ. ತುಮಕೂರಿಗೆ ಕಳಿಸಿದೆವು, ಅಲ್ಲಿ ಇನ್ನೂ ಇದೆಯೋ, ಮುರಿದು ಹಾಕಿದರೋ ತಿಳಿಯದು. ತಿಪ್ಪೇಶನನ್ನು ಎಸ್‌ಐ ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಅವನು ವರ್ಷಗಟ್ಟಲೆ ತಾಯಿಯ ಜೊತೆ ಮಾತು ಬಿಟ್ಟ, ಕುಡಿತ ಬಿಡಲಿಲ್ಲ. ನನಗೆ ಮಧುಗಿರಿಗೆ ವರ್ಗವಾಯಿತು. ಬಂದೂಕಿನ ಬಗ್ಗೆಯಾಗಲಿ, ಹೆಣ್ಣಿನ ಹಕ್ಕಿನ ಬಗ್ಗೆಯಾಗಲಿ ಅಮೆರಿಕದವರು ಏನು ತೀರ್ಮಾನ ಮಾಡಿಕೊಂಡರೋ ನಾನು ವಿಚಾರಿಸಲು ಹೋಗಿಲ್ಲ. ನನ್ನ ಅಭಿಪ್ರಾಯ ಏನೆಂದು ಯಾರಾದರೂ ಕೇಳಿದರೆ, ಆ ಬೆಳಿಗ್ಗೆ ಠಾಣೆಯಲ್ಲಿ ಆಮೇಲೆ ನಡೆದದ್ದನ್ನು ಹೇಳುತ್ತೇನೆ.

ನಾನು ಸಣ್ಣೀರಮ್ಮ ಹೇಳಿದ್ದನ್ನು ಬರೆಯತೊಡಗಿದ್ದೆ. ಸುಳ್ಳೆಂದು ನನಗೆ ಗೊತ್ತಿತ್ತು, ರಹಮತ್ ಸಾಹೇಬರಿಗೂ ಗೊತ್ತಿತ್ತು. 'ನನ್ನ ಮಗನು ನನ್ನನ್ನು' ಎನ್ನುವ ತನಕ ಬಂದಿದ್ದೆ.

"ಅತ್ತೆ," ಅಂದಳು ಮಂಜುಳ.

"ಸುಮ್ಕಿರೇ."

"ಇಲ್ಲತ್ತೆ. ಮೇಡಂ, ಅದನ್ನ ಹೊಡ್ದಾಕಿ. ಏಟ್ ತಿಂದೋಳು ನಾನು. ಕೋವಿ ಇಟ್ಟಿದ್ದು ನನ್ ಎದೆಗೆ. ನನ್ ಹೆಸ್ರೇ ಬರ್ಕಳಿ." ಅವಳು ಗೋಡೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು.

ಸಣ್ಣೀರಮ್ಮ ಸೊಸೆಯ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಎಲೆಯಡಿಕೆ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡು, ಬೆಂಚಿನ ಮೇಲೆ ಒಂದು ಮೊಳ ಆಚೆಗೆ ಸರಿದಳು. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಬಾ ಇಲ್ಲಿ, ಕುಂತ್ಕಂಡು ಹೇಳು."

ಮಂಜುಳ ಬಂದು ಅತ್ತೆಯ ಪಕ್ಕ ಕೂತಳು. ನಾನು ಬರೆದದ್ದನ್ನು ಹರಿದು ಹೊಸ ಹಾಳೆ ತೆಗೆದುಕೊಂಡೆ.